ಸೊನ್ನೆ ಪಾಯಿಂಟ್ ಸೊನ್ನೆ

ನಮ್ಮ ಅಪ್ಪನ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು ಅಂತ ಕಲ್ಯಾಣದುರ್ಗದ ಹಳಬರು ಈಗಲೂ ಹೇಳುತ್ತಾರೆ. ಆ ಕೈಯಿಂದ ಅಪ್ಪ ಸರ್ವೀಸಿನುದ್ದಕ್ಕೂ ಅತಿ ಹೆಚ್ಚು ಬರೆದದ್ದು ಮಾತ್ರ ಸೊನ್ನೆ.

ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಒಂದು ಮಳೆಮಾಪಕ ಇತ್ತು. ಮಣ್ಣಲ್ಲಿ ಅರ್ಧ ಹೂತ ತಗಡಿನ ಡಬ್ಬಿ, ಅದರ ಬಾಯಿಗೆ 5 ಅಂಗುಲ ಅಗಲದ ಆಲಿಕೆ, ಒಳಗೊಂದು ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿ ಎತ್ತಿ, ಇದ್ದ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಅಂತ ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಹೇಗೋ ಅಪ್ಪನ ಕೊರಳಿಗೆ ಬಿದ್ದಿತ್ತು. ಸಂಬಳದಲ್ಲಿ ಒಂದು ಪೈಸೆ ಹೆಚ್ಚಿಲ್ಲ. ಭಾನುವಾರವೂ ಹೋಗಬೇಕು, ಯುಗಾದಿಯ ಎಣ್ಣೆಸ್ನಾನ ಅರ್ಧಕ್ಕೆ ಬಿಟ್ಟೂ ಹೋಗಬೇಕು. ಎಂಟೂವರೆಯೇ ಯಾಕೆ ಅಂದರೆ, ಆಗ ಗ್ರೀನ್‌ವಿಚ್‌ನಲ್ಲಿ ಬೆಳಗಿನ ಜಾವ ಮೂರು ಗಂಟೆ. ದೇಶದಲ್ಲಿ ಮಳೆ ನೋಡುವವರೆಲ್ಲ ಅದೇ ಗಳಿಗೆಗೆ ಬಾಟಲಿ ಎತ್ತುತ್ತಾರೆ. “ನಾನು ಇಲ್ಲಿ ಬಗ್ಗಿದಾಗ ಚಿರಾಪುಂಜಿಯವನೂ ಅಲ್ಲಿ ಬಗ್ಗಿರ್ತಾನೆ” ಅಂತ ಅಪ್ಪ ಹೇಳೋರು. ಅದರಲ್ಲಿ ಹೆಮ್ಮೆಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು.

ರಾಜಸ್ಥಾನದ ಜೈಸಲ್ಮೇರ್ ಬಿಟ್ಟರೆ ದೇಶದಲ್ಲಿ ಅತಿ ಕಡಿಮೆ ಮಳೆ ನಮ್ಮ ಅನಂತಪುರ ಜಿಲ್ಲೆಗೇ ಎಂದು ಹೇಳಿಕೊಂಡೇ ಬೆಳೆದವರು ನಾವು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಮುಂಗಾರು ಪಶ್ಚಿಮ ಘಟ್ಟದಲ್ಲಿ ಗಂಟೆಲ್ಲ ಬಿಚ್ಚಿ ಕೊಟ್ಟು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಹಿಂಗಾರು ಮದರಾಸಿನ ಕಡೆಯಿಂದ ಹೊರಟದ್ದು ನಮ್ಮನ್ನು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದಂತೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಈ ಗಾದೆ ನಮ್ಮ ಗಡಿಯಲ್ಲಿ ಎರಡು ಭಾಷೆಯಲ್ಲೂ ಸಲ್ಲುತ್ತದೆ, ಯಾಕೆಂದರೆ ತೆಲುಗಿನಲ್ಲಿ ಸೊನ್ನೆಗೆ ‘ಸುನ್ನ’ ಅನ್ನುತ್ತಾರೆ. ಸಂತೆಗೆ ಬಂದ ರೈತರು ಬೇಲಿಯ ಆಚೆ ನಿಂತು “ಏಂ ಸಾಮಿ, ಈ ರೋಜು ಎಂತ?” ಅನ್ನೋರು. ಅಪ್ಪ “ಸುನ್ನ” ಅನ್ನೋರು. “ಸುಣ್ಣ ಆಯ್ತು ಸಾಮಿ, ಎಲೆ ಅಡಿಕೆ ಯಾವಾಗ?” ಅಂತ ಅವರಲ್ಲೇ ಕನ್ನಡ ಬಲ್ಲವನೊಬ್ಬ ಕೇಳೋನು. ಮೊದಲ ಸಲ ಅಪ್ಪ ನಕ್ಕಿರಬೇಕು. ಇನ್ನೂರನೇ ಸಲವೂ ನಗುವಷ್ಟು ಸೌಜನ್ಯ ಅವರಲ್ಲಿತ್ತು.

ಊರಲ್ಲಿ ಅವರಿಗೆ ‘ವಾನ ಗುಮಾಸ್ತಾ’ ಅಂತ ಹೆಸರು. ಮಳೆ ಗುಮಾಸ್ತ. ಕೇಳುವವರಿಗೆ ವರುಣದೇವರ ಕಚೇರಿಯಲ್ಲಿ ದೊಡ್ಡ ಹುದ್ದೆ ಅನ್ನಿಸಬೇಕು. ತೊಂದರೆ ಏನೆಂದರೆ, ಹುದ್ದೆ ಇದ್ದಲ್ಲಿ ಜವಾಬ್ದಾರಿಯೂ ಇದೆ ಅಂತ ಜನ ತಿಳಿಯುತ್ತಾರೆ. ಮಳೆ ಬಾರದಿದ್ದರೆ ತಹಶೀಲ್ದಾರರನ್ನು ಕೇಳುವ ಧೈರ್ಯ ಇಲ್ಲದವರು ಅಪ್ಪನನ್ನು ಕೇಳೋರು.

ಇಷ್ಟೆಲ್ಲ ಈಗ ನೆನಪಾಗುತ್ತಿರುವುದು ನನ್ನ ತಂಗಿಯ ಮಗಳಿಂದ. ಬೆಂಗಳೂರಿನಲ್ಲಿ ಬೆಳೆದ ಹುಡುಗಿ, ವಾತಾವರಣ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಾಳೆ. ಹಿಂದೂಪುರದ ನಮ್ಮ ಮನೆಗೆ ಬಂದು, ಹುಣಸೆಮರದ ಕೆಳಗೆ ಕೂತು, ಕಾಫಿ ಕುಡಿಯುತ್ತ, ಲೇಪಾಕ್ಷಿಗೆ ಹೋಗಿಬರ್ತೀನಿ ಅನ್ನುವ ಧಾಟಿಯಲ್ಲಿ ಹೇಳಿದಳು: “ಮಾಮ, ಜುಲೈನಲ್ಲಿ ನಾನು ಆರ್ಕ್‌ಟಿಕ್‌ಗೆ ಹೋಗ್ತಿದೀನಿ. ಹಿಮಾದ್ರಿಗೆ.”

ಹಿಮಾದ್ರಿ ಭಾರತದ ಸಂಶೋಧನಾ ಕೇಂದ್ರ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ನ್ಯು-ಓಲೆಸುನ್ ಎಂಬ ಹಳ್ಳಿಯಲ್ಲಿದೆ. 2008ರ ಜುಲೈ 1ರಂದು ಶುರುವಾದದ್ದು. ಅದರ ಉಸ್ತುವಾರಿ ಗೋವಾದಲ್ಲಿರುವ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು. ಹಿಮಾದ್ರಿಯಿಂದ ಉತ್ತರ ಧ್ರುವಕ್ಕೆ ಸುಮಾರು 1200 ಕಿಲೋಮೀಟರ್. ನಮ್ಮೂರ ಮೇಲೆ ಹಾಯುವ ಉದ್ಯಾನ್ ಎಕ್ಸ್‌ಪ್ರೆಸ್ಸು ಬೆಂಗಳೂರಿನಿಂದ ಮುಂಬೈಗೆ ಓಡುವಷ್ಟು ದೂರ, ಹೆಚ್ಚುಕಡಿಮೆ. ಬೇಸಿಗೆಯಲ್ಲಿ ಆ ಇಡೀ ಹಳ್ಳಿಗೆ ನೂರು ಚಿಲ್ಲರೆ ಜನ, ಚಳಿಗಾಲದಲ್ಲಿ ಮೂವತ್ತು ನಲವತ್ತು. ನಮ್ಮವರು ಮೊದಲೆಲ್ಲ ಬೇಸಿಗೆಗೆ ಮಾತ್ರ ಹೋಗಿಬರುತ್ತಿದ್ದರು. 2023ರ ಡಿಸೆಂಬರಿನಿಂದ ಚಳಿಗಾಲದ ಕತ್ತಲೆಯಲ್ಲೂ ಇರುತ್ತಾರೆ. ಆ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.

ನಮ್ಮಮ್ಮನಿಗೆ ಎಂಬತ್ತೈದು ದಾಟಿದೆ. ಕಿವಿ ಸ್ವಲ್ಪ ಮಂದ. ಮೊಮ್ಮಗಳು ಊರಿನ ಹೆಸರು ಮೂರು ಸಲ ಹೇಳಿದ ಮೇಲೆ ಅಮ್ಮನಿಗೆ ಸಮಾಧಾನವಾಯಿತು. “ಹೆಸರಲ್ಲೇ ಒಲೆ ಇದೆಯಲ್ಲೇ, ಚಳಿ ಏನೂ ಆಗಲ್ಲ ಬಿಡು” ಅಂದರು. ಆಮೇಲೆ ಕೇಳಿದರು: “ಅಲ್ಲಿ ಹೋಗಿ ಏನು ಕೆಲಸ?”

“ಗಾಳೀಲಿ ಎಷ್ಟು ಮಸಿ ಇದೆ ನೋಡೋದು ಅಜ್ಜಿ. ಮಳೆ, ಹಿಮ, ಎಷ್ಟು ಬಿತ್ತು ನೋಡೋದು.”

ಅಮ್ಮ ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಮೂವತ್ತು ವರ್ಷ ಎಂಟೂವರೆಗೆ ತಣ್ಣಗಾದ ಉಪ್ಪಿಟ್ಟೆಲ್ಲ ಇತ್ತು. “ನಿಮ್ಮ ತಾತ ಅದನ್ನ ಕಲ್ಯಾಣದುರ್ಗದಲ್ಲೇ ಮಾಡ್ತಿದ್ರಲ್ಲೇ” ಅಂದರು.

ಸಾಮಾನು ಕಟ್ಟುವುದೇ ಒಂದು ಅಧ್ಯಾಯ. ಓಸ್ಲೋದಿಂದ ಲಾಂಗ್‌ಇಯರ್‌ಬಿಯನ್‌ವರೆಗೆ ದೊಡ್ಡ ವಿಮಾನ. ಅಲ್ಲಿಂದ ಮುಂದೆ ನಮ್ಮ ಮಿನಿ ಬಸ್ಸಿನಷ್ಟು ಜನ ಹಿಡಿಸುವ ಪುಟ್ಟ ವಿಮಾನ, ತೂಕದ ಲೆಕ್ಕ ಕಟ್ಟುನಿಟ್ಟು. ಅಮ್ಮ ಎರಡು ಕಿಲೋ ಕಡ್ಲೆಕಾಯಿ ಚಟ್ನಿಪುಡಿ ಕುಟ್ಟಿಸಿಟ್ಟಿದ್ದರು. ಹುಡುಗಿ ಅರ್ಧ ಕಿಲೋಗೆ ಇಳಿಸಿದಳು. ಆಮೇಲೆ ಏನೋ ಹೊಳೆದು, ಉಗ್ಗಾನಿಗೆ ಅಂತ ಒಂದು ಚೀಲ ಬೊರುಗು ತುಂಬಿಕೊಂಡಳು. ಮಂಡಕ್ಕಿಗೆ ತೂಕವಿಲ್ಲ. ಭೂಮಿಯ ತುದಿಗೆ ಹೋಗುವವರ ಊಟ ರಾಯಲಸೀಮೆಯವರು ಎಂದೋ ಕಂಡುಹಿಡಿದಿಟ್ಟಿದ್ದಾರೆ ಅಂತ ನನಗೆ ಆಗ ಗೊತ್ತಾಯಿತು.

ವೀಸಾದ್ದೂ ಒಂದು ಸೋಜಿಗ. ಸ್ವಾಲ್ಬಾರ್ಡಿಗೆ ಕಾಲಿಡಲು ವೀಸಾ ಬೇಡವಂತೆ. 1920ರಲ್ಲಿ ಪ್ಯಾರಿಸ್‌ನಲ್ಲಿ ಆದ ಒಪ್ಪಂದ, ಆಗಿನ ಬ್ರಿಟಿಷ್ ಭಾರತದ ಪರವಾಗಿಯೂ ರುಜು ಬಿದ್ದಿತ್ತು. ದಾರಿಯಲ್ಲಿ ನಾರ್ವೆ ದಾಟಲು ಮಾತ್ರ ಬೇಕು. ಮನೆಯೊಳಗೆ ಬರಲು ಅಡ್ಡಿಯಿಲ್ಲ, ಓಣಿಗೆ ಬರಲು ಅಪ್ಪಣೆ ಬೇಕು ಅಂದ ಹಾಗೆ.

ಹೋದ ಮೂರನೇ ದಿನ ಫೋನು ಬಂತು. ಫೋನಲ್ಲ, ಲ್ಯಾಪ್‌ಟಾಪಿನಿಂದ. ಆ ಊರಲ್ಲಿ ಮೊಬೈಲು ಇಲ್ಲ, ವೈಫೈ ಇಲ್ಲ, ಬ್ಲೂಟೂತೂ ಇಲ್ಲ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳಿಂದ ಬರುವ ಕ್ಷೀಣ ಸದ್ದನ್ನು ಕೇಳಿಸಿಕೊಂಡು ಭೂಮಿಯ ಅಲುಗಾಟ ಅಳೆಯುವ ದೊಡ್ಡ ಆಂಟೆನಾಗಳು ಅಲ್ಲಿವೆ. ಅವುಗಳ ಕಿವಿಗೆ ತೊಂದರೆಯಾಗಬಾರದೆಂದು ಸುತ್ತ 20 ಕಿಲೋಮೀಟರ್ ರೇಡಿಯೋ ಮೌನ. ಹಾಗಾಗಿ ಗೋಡೆಯಿಂದ ತಂತಿ ಎಳೆದು ಲ್ಯಾಪ್‌ಟಾಪಿಗೆ ಚುಚ್ಚಿ ಮಾತಾಡಬೇಕು. “ಕಟ್ಟಿಹಾಕಿದ ಎಮ್ಮೆ ಥರ ಕೂತಿದೀನಿ ಮಾಮ” ಅಂದಳು. ಹಿಂದೂಪುರದ ಸಂತೆಬೀದಿಯಲ್ಲಿ ನಿಂತು ಇದನ್ನು ಒಬ್ಬ ಮೊಬೈಲ್ ಅಂಗಡಿಯವನಿಗೆ ವಿವರಿಸಿದೆ. ಅವನು ನನ್ನನ್ನು ಕನಿಕರದಿಂದ ನೋಡಿ ರೀಚಾರ್ಜು ಮಾಡಿಕೊಟ್ಟ.

ಅಮ್ಮನಿಗೆ ಹಿಡಿಸಿದ ಸಂಗತಿ ಬೇರೆ. ಅಲ್ಲಿ ಯಾವ ಮನೆಗೆ ಹೋದರೂ ಬಾಗಿಲಲ್ಲೇ ಬೂಟು ಬಿಡಬೇಕು. ಆ ಊರು ಮೊದಲು ಕಲ್ಲಿದ್ದಲ ಗಣಿ. ಗಣಿಯಿಂದ ಬಂದವರ ಕಾಲಿನ ಕರಿ ಮನೆಯೊಳಗೆ ಬಾರದಿರಲಿ ಅಂತ ಬಂದ ರೂಢಿ. 1962ರ ನವೆಂಬರಿನಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಜನ ಸತ್ತರು, ಮುಂದಿನ ವರ್ಷ ನಾರ್ವೆಯಲ್ಲಿ ಸರ್ಕಾರವೇ ಬಿತ್ತು, ಗಣಿ ಮುಚ್ಚಿತು. ಬೂಟು ಬಿಡುವುದು ಮಾತ್ರ ಉಳಿಯಿತು. ಕಲ್ಲಿದ್ದಲು ತೆಗೆದ ಊರಲ್ಲೇ ಈಗ ಗಾಳಿಯಲ್ಲಿ ಮಸಿ ಎಷ್ಟಿದೆ ಎಂದು ಹುಡುಕುತ್ತಾರೆ. ಇವಳು ದಿನಾ ಹೋಗುವ ಪ್ರಯೋಗಾಲಯದ ಹೆಸರು ಗ್ರೂವೆಬಾದೆತ್. ಗಣಿಯವರ ಬಚ್ಚಲುಮನೆ ಎಂದರ್ಥ. ಗಣಿಯಾಳುಗಳು ಮೈಮೇಲಿನ ಮಸಿ ತೊಳೆದುಕೊಳ್ಳುತ್ತಿದ್ದ ಕಟ್ಟಡ.

ಮಸಿ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಅಪ್ಪನ ಮಸಿಕುಡಿಕೆ ಕಣ್ಣಿಗೆ ಕಟ್ಟುತ್ತದೆ. ಒಂದೇ ಮಾತು, ಎರಡು ಕಸುಬು.

ಇನ್ನೊಂದು: ಅಲ್ಲಿ ಬಾಗಿಲಿಗೆ ಬೀಗ ಹಾಕುವುದಿಲ್ಲ. ಹಿಮಕರಡಿ ಎದುರಾದರೆ ಯಾರು ಬೇಕಾದರೂ ಯಾವ ಮನೆಗೆ ಬೇಕಾದರೂ ನುಗ್ಗಬಹುದು. ಊರಿನ ಗಡಿ ದಾಟುವವರು ಬಂದೂಕು ಹಿಡಿದಿರಬೇಕು. ಗುರಿಯಿಡುವುದನ್ನು ಮೊದಲು ಕಲಿಸುತ್ತಾರೆ. ನಮ್ಮ ಹುಡುಗಿ ಕೆಂಪು ಜಾಕೆಟ್ಟು ತೊಟ್ಟು ಬಂದೂಕು ಹಿಡಿದು ನಿಂತ ಫೋಟೋ ನೋಡಿ ಅಮ್ಮ ಬೆಚ್ಚಿದರು. “ಮಳೆ ಅಳೆಯೋಕೆ ಬಂದೂಕ ಯಾಕೋ?” ನಾನು ಹೇಳಿದೆ: ಅಪ್ಪನಿಗೂ ಒಂದು ಕೊಟ್ಟಿದ್ದರೆ ಚೆನ್ನಾಗಿತ್ತು. ಕಲ್ಯಾಣದುರ್ಗ, ಕುಂದುರ್ಪಿ ಕಡೆ ಗುಡ್ಡದಿಂದ ಕರಡಿಗಳು ಹೊಲಕ್ಕೆ, ಕೆಲವೊಮ್ಮೆ ಊರೊಳಕ್ಕೇ ಬರುತ್ತವೆ. ನಮ್ಮವರ ಕೈಲಿರುವುದು ಟಾರ್ಚು, ತಗಡಿನ ಡಬ್ಬ, ಗಂಟಲು.

ಅವಳ ದಿನಚರಿ ಕೇಳಿ ತಿಳಿದಷ್ಟು ಹೇಳುತ್ತೇನೆ. ಬೆಳಿಗ್ಗೆ ತಿಂಡಿ ಎಲ್ಲ ದೇಶದವರಿಗೂ ಒಂದೇ ಮೆಸ್ಸಿನಲ್ಲಿ. ಬೆಳಿಗ್ಗೆ ಅನ್ನುವುದು ಗಡಿಯಾರದ ಮಾತು; ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಕೊನೆಯ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. (“ದೇವರಿಗೆ ದೀಪ ಯಾವಾಗ ಹಚ್ತಾರೆ?” ಅಮ್ಮ ಕೇಳಿದರು. ಉತ್ತರ ಇನ್ನೂ ಬಾಕಿ ಇದೆ.) ಜುಲೈನಲ್ಲೂ ಐದಾರು ಡಿಗ್ರಿ. ಆಮೇಲೆ ಗ್ರೂವೆಬಾದೆತ್‌ವರೆಗೆ ನಡೆದು ಹೋಗಬೇಕು. ದಾರಿಯಲ್ಲಿ ಆರ್ಕ್‌ಟಿಕ್ ಟರ್ನ್ ಎಂಬ ಹಕ್ಕಿಗಳು ನೆಲದಲ್ಲೇ ಮೊಟ್ಟೆಯಿಟ್ಟಿರುತ್ತವೆ. ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಪ್ರತಿವರ್ಷ ಹಾರಿಬರುವ ಮಹಾ ಪ್ರವಾಸಿ. ಅಷ್ಟು ಲೋಕ ನೋಡಿದರೂ ಬುದ್ಧಿ ಬಂದಿಲ್ಲ, ಹತ್ತಿರ ಸುಳಿದವರ ನೆತ್ತಿಗೇ ಕುಕ್ಕುತ್ತದೆ. ಅವು ಎತ್ತರದ ತುದಿಗೆ ಎರಗುತ್ತವೆ. ಅದಕ್ಕೆ ಉಪಾಯ ಎಂದರೆ ತಲೆಯ ಮೇಲೆ ಒಂದು ಕೋಲು ಎತ್ತಿ ಹಿಡಿದು ನಡೆಯುವುದು. ವಿಜ್ಞಾನಿಗಳೆಲ್ಲ ಸಾಲಾಗಿ ಕೋಲು ಎತ್ತಿಕೊಂಡು ಆಫೀಸಿಗೆ ಹೋಗುವುದನ್ನು ಕಲ್ಪಿಸಿಕೊಂಡು ನಾನು ಒಂದು ಮಧ್ಯಾಹ್ನವೆಲ್ಲ ನಕ್ಕೆ. ನಮ್ಮ ಕಡೆ ಊರಹಬ್ಬದಲ್ಲಿ ಹಾಗೆ ನಡೆಯುತ್ತಾರೆ, ಹಿಂದೆ ತಮಟೆ ಇರುತ್ತದೆ.

ಪ್ರಯೋಗಾಲಯದಲ್ಲಿ ಪಂಪುಗಳು ಹಗಲೂ ರಾತ್ರಿ ಹೊರಗಿನ ಗಾಳಿ ಎಳೆಯುತ್ತಿರುತ್ತವೆ. ಗಾಳಿ ಒಂದು ಬಿಳಿಯ ಶೋಧಕದ ಮೂಲಕ ಹಾಯುತ್ತದೆ; ಅದರಲ್ಲಿರುವ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಹಪ್ಪಳದಂಥ ಆ ಶೋಧಕವನ್ನು ಇಕ್ಕಳದಲ್ಲಿ ಹಿಡಿದು ತೆಗೆದು, ಹೊಸದನ್ನಿಟ್ಟು, ಹೊತ್ತು ಬರೆದು, ಹಳೆಯದನ್ನು ಮಡಿಚಿ ಡಬ್ಬಿಗೆ ಹಾಕಬೇಕು. “ನಮ್ಮ ಹಿಂದೂಪುರದಲ್ಲಿ ಇಟ್ಟರೆ ಸಂಜೆಗೆ ಕಪ್ಪಾಗುತ್ತೆ ಮಾಮ. ಇಲ್ಲಿ ದಿನಗಟ್ಟಲೆ ಇಟ್ಟರೂ ಕಣ್ಣಿಗೆ ಏನೂ ಕಾಣಲ್ಲ. ಹಾಕಿದ್ದು ಯಾವುದು, ತೆಗೆದದ್ದು ಯಾವುದು ಅಂತ ಮೇಲೆ ಬರೆದೇ ತಿಳ್ಕೋಬೇಕು.” ಆ ಕಾಣದ ಮಸಿಯೇ ಕಷ್ಟ ಕೊಡುವುದಂತೆ. ಯುರೋಪಿನ ಹೊಗೆ, ಸೈಬೀರಿಯಾದ ಕಾಡ್ಗಿಚ್ಚಿನ ಹೊಗೆ ಅಷ್ಟು ದೂರ ತೇಲಿಬಂದು ಬಿಳಿ ಹಿಮದ ಮೇಲೆ ಕೂರುತ್ತದೆ. ಕಪ್ಪಾದ ಹಿಮ ಬಿಸಿಲು ಹೀರುತ್ತದೆ, ಬೇಗ ಕರಗುತ್ತದೆ. ಬಿಳಿ ಪಂಚೆಗೂ ಕಪ್ಪು ಕೊಡೆಗೂ ಬಿಸಿಲಲ್ಲಿ ಏನು ವ್ಯತ್ಯಾಸ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಿಲ್ಲ.

ಒಂದು ದಿನ “ಇವತ್ತು ಏನು ಮಾಡಿದೆ?” ಅಂದೆ.

“ಇವತ್ತು ಸೊನ್ನೆ ನೋಡಿದೆ” ಅಂದಳು.

ಏನಂತೆ ಅಂದರೆ, ಮಸಿ ಅಳೆಯುವ ಯಂತ್ರಕ್ಕೆ ಆಗಾಗ ಪೂರಾ ಶುದ್ಧ ಮಾಡಿದ ಗಾಳಿ ಕೊಟ್ಟು, ಅದು ಸೊನ್ನೆ ತೋರಿಸುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು. ಏನೂ ಇಲ್ಲದಾಗ ಏನೂ ಇಲ್ಲ ಅನ್ನಲು ಬಾರದ ಯಂತ್ರ, ಏನೋ ಇದೆ ಅಂದಾಗ ನಂಬುವುದು ಹೇಗೆ? ಶೋಧಕದ ಲೆಕ್ಕದಲ್ಲೂ ಹಾಗೇ. ನಡುನಡುವೆ ಒಂದು ಶೋಧಕವನ್ನು ಎಲ್ಲದರಂತೆಯೇ ಹಾಕಿ, ಪಂಪು ಹಚ್ಚದೆ, ಹಾಗೇ ತೆಗೆದು ಇಡುತ್ತಾರೆ. ಅದಕ್ಕೆ ‘ಬ್ಲ್ಯಾಂಕ್’ ಅಂತ ಹೆಸರು. ಕೈ ತಾಗಿ, ಡಬ್ಬಿ ತಾಗಿ ಅಂಟಿದ್ದು ಎಷ್ಟು ಎಂದು ಅದರಿಂದ ಗೊತ್ತಾಗುತ್ತದೆ. “ಅಷ್ಟು ದೂರ ಹೋಗಿ, ಬೊರುಗು ತಿಂದು, ಹಕ್ಕಿ ಕೈಲಿ ಕುಕ್ಕಿಸಿಕೊಂಡು, ಏನೂ ಇಲ್ಲದ ಕಾಗದ ಡಬ್ಬಿಗೆ ಹಾಕ್ಕೊಂಡು ಬರ್ತೀಯಾ?” ಅಂತ ಕೇಳಿದೆ. “ಏನೂ ಇಲ್ಲ ಅನ್ನೋದನ್ನ ತರ್ತೀನಿ ಮಾಮ, ಅದೂ ಜೋಪಾನವಾಗಿ” ಅಂದಳು.

ಆಗ ನನಗೆ 1972 ನೆನಪಾಯಿತು.

ಆ ವರ್ಷ ದೇಶಕ್ಕೆಲ್ಲ ಬರ. ನಮಗೆ ಬರದಲ್ಲಿ ಬರ. ನನಗೆ ಹತ್ತು ವರ್ಷ. ರೋಹಿಣಿ ಹೋಯಿತು, ಮೃಗಶಿರಾ ಹೋಯಿತು, ಆರಿದ್ರಾ ಆರಿಹೋಯಿತು. ಕಡ್ಲೆಕಾಯಿ ಬೀಜ ಒಡೆದಿಟ್ಟುಕೊಂಡವರು ಅದನ್ನೇ ಹುರಿದು ತಿನ್ನತೊಡಗಿದ್ದರು. ಊರವರು ಕಪ್ಪೆಗೆ ಮದುವೆ ಮಾಡಿದರು. ಗುಡಿಯಲ್ಲಿ ವಿರಾಟಪರ್ವ ಓದಿಸಿದರು. ಅದನ್ನು ಓದಿಸಿದರೆ ಮಳೆ ಬರುತ್ತದೆಂದು ಕನ್ನಡದವರೂ ನಂಬುತ್ತಾರೆ, ತೆಲುಗಿನವರೂ ನಂಬುತ್ತಾರೆ, ಮೋಡ ಮಾತ್ರ ಯಾವ ಭಾಷೆಯನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ದಿನಾ ಎಂಟೂವರೆಗೆ ಹೋಗಿ 0.0 ಬರೆದು ಬರುತ್ತಿದ್ದರು. ಕೊಂಚವೂ ಮಳೆಯಿಲ್ಲದ ಸೊನ್ನೆಯೂ ಪಾಯಿಂಟಿನ ಆಚೆ ಒಂದು ಸೊನ್ನೆ ಬೇಡುತ್ತದೆ ಅನ್ನುವುದು ನನಗೆ ಆಗ ಅತಿಯಾದ ಕ್ರೌರ್ಯ ಅನ್ನಿಸುತ್ತಿತ್ತು.

ಒಂದು ಸಂಜೆ ಜಗಲಿಯಲ್ಲಿ ಕೂತ ರೈತನೊಬ್ಬ ಅಪ್ಪನಿಗೆ ಹೇಳಿದ್ದು ಕಿವಿಗೆ ಬಿತ್ತು: “ನೀವು ದಿನಾ ಸುನ್ನ ಬರೆದು ಕಳಿಸಿದ್ರೆ ಮಳೆ ಹೆಂಗೆ ಬರುತ್ತೆ ಸಾಮಿ? ಒಂದು ದಿನ ಬೇರೆ ಏನಾದ್ರೂ ಬರೆದು ನೋಡಿ.” ಅಪ್ಪ ನಗಲಿಲ್ಲ. ಅವತ್ತು ಊಟದಲ್ಲಿ ಮಜ್ಜಿಗೆ ಬೇಡ ಅಂದರು.

ಮಾರನೇ ಬೆಳಗಿನ ಜಾವ ನಾನು ಎದ್ದು, ಅಮ್ಮ ಕಾವಲು ಕಾಯುತ್ತಿದ್ದ ಕೊಡದಿಂದ ಅರ್ಧ ಚೊಂಬು ನೀರು ಕದ್ದು, ಆಡುಗಳು ಮಾಡಿಕೊಂಡಿದ್ದ ಬೇಲಿಯ ಕಂಡಿಯಲ್ಲಿ ನುಸುಳಿ, ಆಲಿಕೆಗೆ ಸುರಿದೆ. ಗುಳುಗುಳು ಅಂತ ಅದು ಒಳಗಿಳಿದ ಸದ್ದು ಈಗಲೂ ಕಿವಿಯಲ್ಲಿದೆ. ಆ ವರ್ಷ ಕಲ್ಯಾಣದುರ್ಗದಲ್ಲಿ ಕೇಳಿದ ಮೊದಲ ಮಳೆಯ ಸದ್ದು.

ನನಗೆ ತಿಳಿಯದ್ದು ಲೆಕ್ಕ. ಐದಂಗುಲದ ಆಲಿಕೆಗೆ ಅರ್ಧ ಲೀಟರ್ ನೀರು ಅಂದರೆ 39 ಮಿಲಿಮೀಟರ್ ಚಿಲ್ಲರೆ. ಹಳಬರ ಭಾಷೆಯಲ್ಲಿ ಒಂದೂವರೆ ಅಂಗುಲ. ಕೆರೆಗೆ ನೀರು ಹರಿದು ಬರುವ ಮಳೆ. ಸುಮ್ಮನೆ ಎರಡು ಚಮಚ ಹಾಕಿದ್ದರೆ ಬಚಾವಾಗುತ್ತಿದ್ದೆ. ಈಚೆಗೆ ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ: ವರ್ಷದ 550 ಮಿಲಿಮೀಟರ್ ಪೂರಾ ಬಿದ್ದರೂ ಆ ಆಲಿಕೆಯೊಳಗೆ ಇಳಿಯುವುದು ಸುಮಾರು ಏಳು ಲೀಟರ್. ಇಡೀ ತಾಲ್ಲೂಕಿನ ಒಂದು ವರ್ಷದ ಹಣೆಬರಹ ಒಂದು ಪುಟ್ಟ ಬಿಂದಿಗೆಯಲ್ಲಿ ಹಿಡಿಯುತ್ತದೆ. ಅದನ್ನು ಅಪ್ಪ ಹನಿಹನಿಯಾಗಿ ಮೂವತ್ತು ವರ್ಷ ಅಳೆದರು.

ಎಂಟೂವರೆಗೆ ಅಪ್ಪ ಬಾಟಲಿ ಎತ್ತಿದರು. ನಾನು ಹುಣಸೆಮರದ ಹಿಂದೆ. ಲೋಟ ತುಂಬಿತು. ಇನ್ನೊಮ್ಮೆ ತುಂಬಿತು. ಜವಾನ “ಸಾಮೀ!” ಅಂತ ಕೂಗಿದ. ಅಪ್ಪ ನೆಲ ನೋಡಿದರು, ಬಿರುಕು ಬಿಟ್ಟ ನೆಲ. ಮೇಲೆ ನೋಡಿದರು, ತೊಳೆದಿಟ್ಟ ಕಂಚಿನ ತಟ್ಟೆಯಂಥ ಆಕಾಶ. ಆಮೇಲೆ ಕಿರುಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಮಳೆನೀರಿಗೆ ರುಚಿಯಿಲ್ಲ. ನಮ್ಮ ಬಾವಿಯ ನೀರು ಉಪ್ಪು.

ಅವರು ರಿಜಿಸ್ಟರಿನಲ್ಲಿ 0.0 ಬರೆದು, ಪಕ್ಕದ ಷರಾದ ಕಾಲಮ್ಮಿನಲ್ಲಿ ತೆಲುಗಿನಲ್ಲಿ ಹೀಗೆ ಬರೆದರು: ಬಾಟಲಿಯಲ್ಲಿ ನೀರಿತ್ತು, ‘ವಾನ ನೀಳ್ಳು ಕಾವು’. ಮಳೆನೀರಲ್ಲ. ಯಾರ ನೀರು ಅಂತ ಬರೆಯಲಿಲ್ಲ. ಆ ನೀರನ್ನು ಚೆಲ್ಲದೆ ಮನೆಗೆ ತಂದು ತುಳಸಿಗೆ ಹಾಕಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ಹೋದರು.

“ಎತ್ತು. ಎಷ್ಟಿದೆ?”

“ಏನೂ ಇಲ್ಲಪ್ಪ.”

“ನೋಡಿ ಹೇಳ್ತಿದೀಯಾ, ಸುಮ್ನೆ ಹೇಳ್ತಿದೀಯಾ?”

ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ತಳದಲ್ಲಿ ಒಂದು ಸತ್ತ ಇರುವೆ. “ನೋಡಿದೆ. ಇಲ್ಲ.” “ಈಗ ಬರಿ” ಅಂದರು. ಅಪ್ಪನ ಮಸಿಯಲ್ಲಿ ನಾನು ಬರೆದ ಆ ಒಂದು 0.0 ಯಾವುದೋ ದಾಖಲೆಕೋಣೆಯಲ್ಲಿ ಗೆದ್ದಲು ತಿನ್ನದಿದ್ದರೆ ಈಗಲೂ ಇರಬೇಕು. ಪ್ರಕಟವಾದ ನನ್ನ ಮೊದಲ ಬರಹ ಅಂತ ನಾನು ಅದನ್ನೇ ಲೆಕ್ಕ ಹಿಡಿದಿದ್ದೇನೆ.

ಅಪ್ಪನಿಗೆ ಒಮ್ಮೆ ವಿಷಮಶೀತಜ್ವರ ಬಂದು ಹತ್ತು ದಿನ ಮಲಗಿದ್ದರು. ಪಕ್ಕದ ಮೇಜಿನವರು ಆ ಕಡೆ ತಲೆಯನ್ನೂ ಹಾಕದೆ, ಅಪ್ಪ ವಾಪಸು ಬರುವ ಹಿಂದಿನ ದಿನ ಹತ್ತೂ ದಿನಕ್ಕೆ ಒಟ್ಟಿಗೆ ಸೊನ್ನೆ ಎಳೆದಿಟ್ಟಿದ್ದರು. ಮಾರ್ಚ್ ತಿಂಗಳು, ಮಳೆ ಬಂದಿರಲೂ ಇಲ್ಲ. ಅಪ್ಪ ಆ ಹತ್ತನ್ನೂ ಹೊಡೆದುಹಾಕಿ ಒಂದೊಂದು ಅಡ್ಡಗೆರೆ ಹಾಕಿದರು. ಅದಕ್ಕೆ ಕಚೇರಿಯಲ್ಲಿ ದೊಡ್ಡ ರಾದ್ಧಾಂತ. ಸೊನ್ನೆ ಹಾಕಿದರೇನು, ಗೆರೆ ಹಾಕಿದರೇನು, ಎರಡೂ ಒಣಗಿದ್ದೇ ತಾನೆ ಅಂತ ಎಲ್ಲರ ವಾದ. ಅಪ್ಪ ಮಣಿಯಲಿಲ್ಲ. ನಾನು ಆಗ ಕಚೇರಿಯವರ ಪಕ್ಷ. ಜ್ವರದಿಂದ ಎದ್ದ ಮನುಷ್ಯ ಹತ್ತು ಸೊನ್ನೆಗೋಸ್ಕರ ಹೀಗೆ ಜಗಳಾಡುವುದೆ?

ಹುಡುಗಿಯ ಲಾಗ್‌ಬುಕ್ಕಿನ ಒಂದು ಪುಟವನ್ನು ಅವಳು ಪರದೆಯ ಮೇಲೆ ತೋರಿಸಿದಳು. ಗಂಟೆ ಗಂಟೆಗೂ ಗಾಳಿಯ ದಿಕ್ಕು. ನಡುವೆ ಒಂದು ಕಡೆ: ಹತ್ತು ಗಂಟೆ ನಲವತ್ತಕ್ಕೆ ಡೀಸೆಲ್ ಗಾಡಿಯೊಂದು ಕಟ್ಟಡದ ಪಕ್ಕ ಹಾದುಹೋಯಿತು. ಇನ್ನೊಂದು ಕಡೆ: ಪ್ರವಾಸಿಗಳ ಹಡಗು ಬಂದು ನಿಂತಿದೆ. ಅದರ ಎದುರು ಯಂತ್ರದ ಗೆರೆ ದಿಢೀರನೆ ಮೇಲೆ ಹಾರಿತ್ತು. “ಆ ಹೊತ್ತಿಂದು ಲೆಕ್ಕಕ್ಕಿಲ್ಲ ಮಾಮ. ಅದು ಆರ್ಕ್‌ಟಿಕ್‌ನ ಮಸಿ ಅಲ್ಲ.” ಅಕ್ಷರ ನೋಡಿದೆ. ಕೋಳಿ ಕಾಲಿನ ಅಕ್ಷರ. ತಾತನ ಮುತ್ತು ಈ ತಲೆಮಾರಿಗೆ ಬಂದಿಲ್ಲ. ಆದರೆ ಆ ಸಾಲು ಎಲ್ಲೋ ಓದಿದ್ದೇನೆ ಅನ್ನಿಸಿತು.

ಗಾಳಿಯ ಕಾಟ ಎರಡೂ ಕಡೆ ಒಂದೇ ಅನ್ನುವುದು ಗೊತ್ತಾಗಿ ನನಗೆ ಕೊಂಚ ಸಮಾಧಾನ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ ಮಳೆ ಅಡ್ಡಡ್ಡ ಹಾರಿಹೋಗುತ್ತದೆ, ಆಲಿಕೆಯೊಳಗೆ ಬೀಳುವುದೇ ಇಲ್ಲ. ಅಲ್ಲಿ ಹಿಮವೂ ಹಾಗೇ; ಹತ್ತಿಯಂತೆ ಹಗುರ, ಮಾಪಕದ ಬಾಯಿಗೆ ಬಂದು ಮುಖ ತಿರುಗಿಸಿ ಹೋಗುತ್ತದೆ. ವರ್ಷವೆಲ್ಲ ಬಿದ್ದ ಮಳೆ, ಹಿಮ ಎಲ್ಲ ಕರಗಿಸಿ ಅಳೆದರೂ ಆ ಊರಿನದು ಸುಮಾರು ನಾನೂರು ಐನೂರು ಮಿಲಿಮೀಟರ್. ಅಂದರೆ ಕಲ್ಯಾಣದುರ್ಗದ ಸಮಾಚಾರವೇ. ಅಷ್ಟು ನೀರು ಸುತ್ತ ಹೆಪ್ಪುಗಟ್ಟಿ ಕೂತಿರುವ ಊರೂ ನಮ್ಮ ಹಾಗೇ ಬರಗಾಲದ ಕುಲಕ್ಕೆ ಸೇರಿದ್ದು ಎಂದು ತಿಳಿದಾಗ ದೂರದ ನೆಂಟರು ಸಿಕ್ಕಂತಾಯಿತು.

ಆದರೆ ಅಲ್ಲಿ ಲೆಕ್ಕ ಬದಲಾಗುತ್ತಿದೆ. 1979ರಿಂದೀಚೆಗೆ ಆರ್ಕ್‌ಟಿಕ್ ಲೋಕದ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಹಿಮ ಬೀಳಬೇಕಾದ ಚಳಿಗಾಲದಲ್ಲೂ ಈಗ ಮಳೆ ಬೀಳುತ್ತದೆ. ಹಿಮದ ಮೇಲೆ ಬಿದ್ದ ಮಳೆ ಗಾಜಿನಂತೆ ಹೆಪ್ಪುಗಟ್ಟಿ, ಕೆಳಗಿನ ಮೇವು ಸಿಗದೆ ಹಿಮಸಾರಂಗಗಳು ಹಸಿದು ಸಾಯುತ್ತವೆ. ಇದನ್ನು ಅಮ್ಮನಿಗೆ ಗಟ್ಟಿಯಾಗಿ ಎರಡು ಸಲ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. “ಮಳೆ ಬಂದು ದನ ಸಾಯ್ತವಾ?” ಅಂದರು. ಬರದಲ್ಲಿ ಎರಡು ಜೊತೆ ಎತ್ತು ಮಾರಿದ ತೌರುಮನೆಯವರು ಅವರು.

ಅಲ್ಲಿ ಮಂಜು ಕರಗುವುದಕ್ಕೂ ಇಲ್ಲಿ ನಮ್ಮ ಮುಂಗಾರಿಗೂ ಏನು ನಂಟು ಎಂದು ಹುಡುಕುವುದೇ ನಮ್ಮವರು ಅಷ್ಟು ದೂರ ಹೋಗಿ ಕೂತಿರುವುದಕ್ಕೆ ಒಂದು ಕಾರಣವಂತೆ. ಸಿಕ್ಕಿದರೆ ಒಳ್ಳೆಯದೇ. ಜಗಲಿಯ ಆ ರೈತನಿಗೆ ಹೇಳಲು ಅಪ್ಪನಿಗೆ ಅಷ್ಟಾದರೂ ಇದ್ದಿದ್ದರೆ ಮಜ್ಜಿಗೆ ಕುಡಿಯುತ್ತಿದ್ದರೇನೋ.

ಈಗ ಕಲ್ಯಾಣದುರ್ಗದಲ್ಲಿ ಮಳೆ ನೋಡಲು ಯಾರೂ ಬಗ್ಗಬೇಕಿಲ್ಲ. ಕಂಬದ ಮೇಲೆ ಯಂತ್ರ, ಅದಕ್ಕೆ ಬಿಸಿಲಿನ ಕರೆಂಟು, ಒಳಗೆ ಪುಟ್ಟ ತಕ್ಕಡಿಬಟ್ಟಲು. ಹನಿ ತುಂಬಿದಾಗ ತಾನೇ ವಾಲಿ ತಾನೇ ವರದಿ ಕಳಿಸುತ್ತದೆ. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದು ನಮ್ಮ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆಸ್ತಿಪಾಸ್ತಿಯಲ್ಲಿ ತಕರಾರು ಬಂದಿರಬಹುದು, ಮಳೆ ಹಂಚಿಕೊಳ್ಳುವುದರಲ್ಲಿ ಬರಲಿಲ್ಲ. ಬೆಳೆವಿಮೆಯ ದುಡ್ಡು ಮಾತ್ರ ಈಗ ಆ ಅಂಕಿಗಳ ಮೇಲೆ ನಿಂತಿರುವುದರಿಂದ, ಮಳೆ ಬಂದರೂ ಜಗಳ, ಬಾರದಿದ್ದರೂ ಜಗಳ. “ನಮ್ಮ ಹೊಲದಲ್ಲಿ ಬಿದ್ದಿಲ್ಲ, ನಿಮ್ಮ ಡಬ್ಬೀಲಿ ಬಿದ್ದಿದೆ” ಅನ್ನುವ ಮಾತನ್ನು ನಾನೇ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ. ಬೈಯಲು ಎದುರಿಗೆ ಗುಮಾಸ್ತನಿಲ್ಲ. ಕಂಬಕ್ಕೆ ಬೈದರೆ ಮಜ್ಜಿಗೆ ಬಿಡುವುದಿಲ್ಲ.

ಹೋಗುವ ಮುಂಚೆ ಹುಡುಗಿ ನನಗೊಂದು ಪ್ಲಾಸ್ಟಿಕ್ಕಿನ ಮಳೆಮಾಪಕ ಕೊಟ್ಟಿದ್ದಳು. ಮಾಳಿಗೆಯ ಮೇಲೆ ಇಟ್ಟಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ, ಹಾಲಿನ ಲೆಕ್ಕ ಇವುಗಳ ಪಕ್ಕ ಬರೆಯುತ್ತೇನೆ. ನನ್ನ ಹೆಂಡತಿ ಅದನ್ನು ನೋಡಿ ಏನೂ ಅನ್ನುವುದಿಲ್ಲ. ಅತ್ತೆಯ ಕಡೆ ನೋಡುತ್ತಾಳೆ, ಅಷ್ಟೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪು ಕೂಗಿತು. ನಮಗೆ ಎಂಟು ಮುಕ್ಕಾಲು, ಅವರಿಗೆ ಐದೂಕಾಲು. ಕಿಟಕಿಯಾಚೆ ಕಡಲು, ಅದರಾಚೆ ಹಿಮದ ಬೆಟ್ಟ, ಎಲ್ಲದರ ಮೇಲೂ ಯಾವ ಹೊತ್ತಿನದೆಂದು ಹೇಳಲಾಗದ ಬೆಳಕು. ಬೊರುಗು ಮುಗಿದಿದೆ, ಚಟ್ನಿಪುಡಿಯನ್ನು ಪಕ್ಕದ ದೇಶದವರು ಬ್ರೆಡ್ಡಿಗೆ ಹಚ್ಚಿಕೊಂಡು ಖಾಲಿ ಮಾಡಿದರು ಅಂತ ವರದಿ ಕೊಟ್ಟಳು. ಆಮೇಲೆ ಕೇಳಿದಳು:

“ಮಾಮ, ಅಲ್ಲಿ ಮಳೆ?”

“ಸೊನ್ನೆ ಪಾಯಿಂಟ್ ಸೊನ್ನೆ.”

“ನೋಡಿ ಹೇಳ್ತಿದೀಯಾ, ಸುಮ್ನೆ ಹೇಳ್ತಿದೀಯಾ?”

ಆ ಮಾತನ್ನು ಅವಳಿಗೆ ಯಾರೂ ಕಲಿಸಿಲ್ಲ. ತಾತ ಹೋದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳು. ನಾನು ಅವತ್ತು ಮಾಳಿಗೆ ಹತ್ತಿರಲಿಲ್ಲ. ಮಂಡಿನೋವು, ಮೇಲಾಗಿ ಮೋಡವೇ ಇರಲಿಲ್ಲ. “ಒಂದು ನಿಮಿಷ ಇರು” ಅಂತ ಹೇಳಿ ಮೆಟ್ಟಿಲು ಹತ್ತಿದೆ.

ವಾಪಸು ಬರುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಬಹುಶಃ ಅಲ್ಲಿ ಯಾರೋ ತಂತಿ ಎಡವಿರಬೇಕು. ಕ್ಯಾಲೆಂಡರಿನ ಹತ್ತಿರ ಹೋಗಿ ಬರೆದೆ: 0.0. ಜಾಗ ಉಳಿದಿತ್ತು, ಪಕ್ಕದಲ್ಲಿ ಸಣ್ಣಕ್ಕೆ ಷರಾ ಬರೆದೆ: ಹುಣಸೆ ಎಲೆ, ಎರಡು.